ಹಿಮನದಿ ಚಾರಣ: ಶ್ರೀನಿವಾಸಪುರ ಮಾದರಿಯ ಬಳಕೆ ಕೈಪಿಡಿ

ಈ ಮಾದರಿಯಲ್ಲಿ ಬೆಟ್ಟವಿದೆ, ಬಂಡೆಯಿದೆ, ಗುಹೆಯಿದೆ. ಹಿಮವಿಲ್ಲ. ಪೊಟ್ಟಣ ಬಿಚ್ಚಿ ಗಲಾಟೆ ಮಾಡುವ ಮುನ್ನ ಪೂರ್ತಿ ಓದಿ.

1. ಸಾಮಗ್ರಿ: ಒಂದು ಬಾಟಲಿ ನೀರು, ಇನ್ನೊಂದು ಬಾಟಲಿ ನೀರು, ಟೋಪಿ. ಐಸ್ ಕೊಡಲಿ, ಮುಳ್ಳಿನ ಬೂಟು ಮನೆಯಲ್ಲೇ ಇರಲಿ. ತಿಂಡಿ ಬ್ಯಾಗಿನೊಳಗಿರಲಿ, ಕೈಯಲ್ಲಿದ್ದದ್ದೆಲ್ಲ ಅಂತರಗಂಗೆಯ ಕೋತಿಗಳ ಪಾಲು.

2. ಹತ್ತುವ ವಿಧಾನ: ಶ್ರೀನಿವಾಸಪುರದಲ್ಲಿ ಕೋಲಾರದ ಬಸ್ ಹಿಡಿಯಿರಿ. ಅಲ್ಲಿನ ಶತಶೃಂಗ ಬೆಟ್ಟದ ಮೆಟ್ಟಿಲು ಹತ್ತಿದರೆ ಅಂತರಗಂಗೆಯ ಕಾಶಿ ವಿಶ್ವೇಶ್ವರನ ಗುಡಿ. ಅಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತದೆ. ಕೈಮುಗಿದು ಮುಂದೆ ಹೋಗಿ, ಬಂಡೆಗಳ ಸಂದಿಯಲ್ಲಿ ತೆವಳಿ. ಸಂದಿಗೆ ಮೈ ಹಿಡಿಸದವರು ಸರದಿಯ ಕೊನೆಗೆ ನಿಲ್ಲತಕ್ಕದ್ದು.

3. ಬಂಡೆ ಪರೀಕ್ಷೆ: "ಇವನ್ನೆಲ್ಲ ಹಿಮನದಿ ತಂದು ಸುರಿದಿದೆ" ಎಂದು ಜೊತೆಯವರಿಗೆ ಪಾಠ ಹೇಳಬೇಡಿ. ಇವು ಊರು ಬಿಟ್ಟು ಕದಲದ ಕಲ್ಲುಗಳು. ಬಿಸಿಲು ಮಳೆಗೆ ಈರುಳ್ಳಿಯ ಹಾಗೆ ಪದರ ಕಳಚಿ ದುಂಡಗಾಗಿವೆ. ಹಿಮ ಎಳೆದು ತಂದ ಕಲ್ಲಿನ ಮೈಮೇಲೆ ಗೀರುಗಳಿರುತ್ತವೆ. ಅವೇ ಬೇಕೆಂದರೆ ಒಡಿಶಾದ ತಾಲ್ಚೇರ್‌ಗೆ ಹೋಗಿ. ಸುಮಾರು 30 ಕೋಟಿ ವರ್ಷಗಳ ಹಿಂದೆ ಭಾರತವು ಗೊಂಡ್ವಾನದ ತುಂಡಾಗಿ ದಕ್ಷಿಣ ಧ್ರುವದ ಕಡೆಗಿದ್ದಾಗ ಬಿದ್ದ ಹಿಮದ ಕುರುಹನ್ನು ಭೂವಿಜ್ಞಾನಿಗಳು 1856ರಲ್ಲೇ ಅಲ್ಲಿ ಗುರುತಿಸಿದ್ದಾರೆ. ನೀವು ಹೊರಟಿದ್ದು ಸ್ವಲ್ಪ ತಡವಾಯಿತು.

4. ಎಚ್ಚರಿಕೆ: ಮಾವಿನ ಕಾಲದಲ್ಲಿ ಆಕಾಶದಿಂದ ನೇರವಾಗಿ ಐಸ್ ಸರಬರಾಜಾಗುವುದುಂಟು. ಆಲಿಕಲ್ಲು ಆಯ್ದು, ಕುಣಿದು, ವಿಡಿಯೊ ಮಾಡುವ ಮೊದಲು ಪಕ್ಕದ ತೋಟದವರ ಮುಖ ನೋಡಿ. ಪೆಟ್ಟು ತಿಂದ ಬಾದಾಮಿ ಮಾವನ್ನು ಮಂಡಿಯಲ್ಲಿ ಯಾರೂ ಮೂಸುವುದಿಲ್ಲ.

5. ನೀರಿನ ಮೂಲ: ಹಿಮನದಿಯ ಕೆಲಸ ಕೆಳಗಿನವರಿಗೆ ನೀರು ಕೊಡುವುದು. ಗಂಗೆಗೆ ಗಂಗೋತ್ರಿಯ ಹಿಮವಿದೆ. ವರ್ಷವಿಡೀ ಹರಿಯುವ ನದಿಯೇ ಇಲ್ಲದ ಕೋಲಾರ ಜಿಲ್ಲೆಗೆ ಬೆಂಗಳೂರಿನ ಬಚ್ಚಲಿದೆ. ಕೆ.ಸಿ. ವ್ಯಾಲಿ ಯೋಜನೆಯ ಪೈಪುಗಳಲ್ಲಿ 2018ರಿಂದ ಸಂಸ್ಕರಿಸಿದ ಕೊಳಚೆ ನೀರು ಬಂದು ಕೆರೆ ತುಂಬುತ್ತಿದೆ. ಯೋಜನೆಯ ಸಾಮರ್ಥ್ಯ ದಿನಕ್ಕೆ 44 ಕೋಟಿ ಲೀಟರ್. ಎರಡು ಹಂತದ ಶುದ್ಧೀಕರಣವಷ್ಟೇ ಸಾಲದು, ಮೂರನೆಯದೂ ಆಗಲಿ ಎಂದು ರೈತರು ಹೋರಾಡುತ್ತ ಬಂದಿದ್ದಾರೆ. ಆದ್ದರಿಂದ ಕೆರೆ ಕಂಡಲ್ಲಿ ಬೊಗಸೆ ಒಡ್ಡಬೇಡಿ.

ವಾರಂಟಿ: ಬೆಂಗಳೂರಿನ ಚಾರಣಿಗರು ಕೆರೆಯ ವಾಸನೆಯ ಬಗ್ಗೆ ದೂರು ಕೊಡುವಂತಿಲ್ಲ. ಸರಕು ನಿಮ್ಮಲ್ಲೇ ತಯಾರಾದದ್ದು. ನಿಮಗಿಂತ ಮೊದಲೇ ಬೆಟ್ಟದ ಬುಡ ತಲುಪಿದೆ. ಮಾಲು ವಾಪಸ್ ಕಳಿಸುವ ಸೌಲಭ್ಯ ನಮ್ಮಲ್ಲಿಲ್ಲ.