ಬೀಜದ ಪಾಕೀಟಿನ ಹಿಂದಿರುವ ವಕೀಲರಿಗೆ ಒಂದು ಬಹಿರಂಗ ಪತ್ರ

ದೆಹಲಿ, ಮುಂಬೈ, ಬೆಂಗಳೂರಿನ ದೊಡ್ಡ ಕಾನೂನು ಸಂಸ್ಥೆಗಳ ಪಾಲುದಾರ ವಕೀಲರಿಗೆ,

ಯಾದಗಿರಿ, ಶಹಾಪುರ, ಸುರಪುರದ ಎರೆಹೊಲಗಳಲ್ಲಿ ಹತ್ತಿ ಬಿತ್ತುವವರಲ್ಲಿ ನಾನೂ ಒಬ್ಬ. ನಿಮಗೆ ನಮ್ಮ ಮುಖಪರಿಚಯ ಇಲ್ಲ. ಆದರೆ ನಮ್ಮ ರೊಕ್ಕದ ಮೇಲೆ ನಿಮ್ಮ ವೃತ್ತಿಯವರು ವರ್ಷಗಟ್ಟಲೆ ವಾದ ಮಾಡಿದ್ದಾರೆ. ಆ ವಾದ ನಡೆದ ಕೋಣೆಯಲ್ಲಿ ನಮ್ಮವರು ಒಬ್ಬರೂ ಇರಲಿಲ್ಲ ಎಂಬ ಸಂಕಟದಿಂದ ಈ ಪತ್ರ.

ದೇಶದಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿದ್ದು 2002ರಲ್ಲಿ. ಅಂದಿನಿಂದ ವರ್ಷಗಟ್ಟಲೆ ನಾವು ಕೊಂಡ ಪಾಕೀಟಿನ ಬೆಲೆಯಲ್ಲಿ ಬೀಜದ ಬೆಲೆ ಬೇರೆ, ಅದರೊಳಗೆ ಸೇರಿಸಿದ ಕೀಟನಿರೋಧಕ ಗುಣದ ಶುಲ್ಕ ಬೇರೆ ಇರುತ್ತಿತ್ತು. ಬೀಜ ಕಂಪನಿ ಈ ಶುಲ್ಕವನ್ನು ನಮ್ಮಿಂದ ವಸೂಲು ಮಾಡಿ, ತಂತ್ರಜ್ಞಾನದ ಒಡೆತನವಿದ್ದ ಮಾನ್ಸಾಂಟೊ ಬಳಗಕ್ಕೆ ಕಟ್ಟಬೇಕಿತ್ತು. 2016ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಬಿಜಿ-2 ಎಂಬ ಬಿಟಿ ಹತ್ತಿ ಬೀಜದ 450 ಗ್ರಾಂ ಪಾಕೀಟಿಗೆ 800 ರೂಪಾಯಿ ಬೆಲೆ ಕಟ್ಟಿ, ಅದರಲ್ಲಿ ಶುಲ್ಕದ ಪಾಲು 49 ರೂಪಾಯಿ ಮಾತ್ರ ಎಂದಿತು. ಅದಕ್ಕೂ ಮೊದಲು ಈ ಪಾಲು 160 ರೂಪಾಯಿಗೂ ಹೆಚ್ಚಿತ್ತು. ಅಷ್ಟು ಇಳಿಸಲು ಸಾಧ್ಯವಿದ್ದ ಶುಲ್ಕವನ್ನು ಅಷ್ಟು ವರ್ಷ ಯಾವ ಲೆಕ್ಕದಲ್ಲಿ ಕೊಟ್ಟೆವು? ನಮ್ಮ ಹೊಲದ ಪ್ರಶ್ನೆ ಇದೊಂದೇ.

ಈ ಪ್ರಶ್ನೆಯನ್ನು ನಮಗಾಗಿ ಕೇಳಬಹುದಾಗಿದ್ದ ಸಂಸ್ಥೆ ಒಂದಿತ್ತು. ಮಾರುಕಟ್ಟೆಯಲ್ಲಿನ ಪ್ರಾಬಲ್ಯ ದುರುಪಯೋಗವಾಗಿದೆಯೇ ಎಂದು ತನಿಖೆ ಮಾಡಲು ಭಾರತೀಯ ಸ್ಪರ್ಧಾ ಆಯೋಗ 2016ರ ಫೆಬ್ರವರಿಯಲ್ಲಿ ಆದೇಶಿಸಿತು. ಮಾನ್ಸಾಂಟೊ ದೆಹಲಿ ಹೈಕೋರ್ಟಿಗೆ ಹೋಯಿತು. ಪೇಟೆಂಟ್ ಹಕ್ಕಿನ ಇಂಥ ವಿಚಾರದಲ್ಲಿ ಆಯೋಗಕ್ಕೆ ಅಧಿಕಾರವೇ ಇಲ್ಲ ಎಂಬ ವಾದಕ್ಕೆ 2023ರ ಜುಲೈನಲ್ಲಿ ಅಲ್ಲಿನ ವಿಭಾಗೀಯ ಪೀಠದಿಂದ ಜಯ ಸಿಕ್ಕಿತು. ಆ ತಂತ್ರಜ್ಞಾನದ ಪೇಟೆಂಟ್‌ನ ಅವಧಿ 2019ರಲ್ಲೇ ಮುಗಿದಿತ್ತು. ಪೇಟೆಂಟ್ ಊರ್ಜಿತವೇ ಅಲ್ಲವೇ ಎಂಬ ಇನ್ನೊಂದು ವ್ಯಾಜ್ಯ ನೂಜಿವೀಡು ಸೀಡ್ಸ್ ಎಂಬ ಬೀಜ ಕಂಪನಿಯ ಜೊತೆ ನಡೆದಿತ್ತು. 2018ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಊರ್ಜಿತವಲ್ಲ ಎಂದಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬದಿಗಿಟ್ಟು, ಸಾಕ್ಷ್ಯ ನೋಡಿ ತೀರ್ಮಾನಿಸಿ ಎಂದು ಏಕಸದಸ್ಯ ಪೀಠಕ್ಕೆ ಹಿಂದಿರುಗಿಸಿತು. 2021ರ ಮಾರ್ಚ್‌ನಲ್ಲಿ ಎರಡೂ ಕಡೆಯವರು ರಾಜಿಯಾದರು. ರಾಜಿಯ ಷರತ್ತುಗಳು ಗುಟ್ಟಾಗಿಯೇ ಉಳಿದವು. ರೈತರಿಂದ ಆಗಲೇ ವಸೂಲಾದ ದುಡ್ಡು ಯಾರಿಗೆ ಸೇರಬೇಕೆಂಬ ಜಗಳವೂ ಇದ್ದ ವ್ಯಾಜ್ಯ ಅದು. ದುಡ್ಡು ಕೊಟ್ಟವರಿಗೆ ಅದರ ಕೊನೆ ತಿಳಿಯಲಿಲ್ಲ.

ಆ ವಾದಗಳು ಕಾನೂನಿನಲ್ಲಿ ತಪ್ಪೆಂದು ನಾನು ಹೇಳುತ್ತಿಲ್ಲ. ಪೇಟೆಂಟ್ ವ್ಯಾಜ್ಯದಲ್ಲಿ ಎರಡೂ ಕಡೆ ಇದ್ದವು ದೊಡ್ಡ ಕಂಪನಿಗಳೇ. ಕಕ್ಷಿದಾರನಿಗಾಗಿ ಗಟ್ಟಿಯಾಗಿ ನಿಲ್ಲುವುದು ವಕೀಲನ ಕರ್ತವ್ಯ, ಅದನ್ನೂ ಒಪ್ಪುತ್ತೇನೆ. ಆದರೆ ಏಳು ವರ್ಷ ಕಳೆದ ಮೇಲೆ ಬಂದ ಗೆಲುವಿನ ಫಲವೇನೆಂದರೆ, ಬೆಲೆ ನ್ಯಾಯವಾಗಿತ್ತೇ ಎಂಬ ಪ್ರಶ್ನೆಗೆ ಆಯೋಗದಿಂದ ಹೌದು ಎಂಬ ಉತ್ತರವೂ ಬರಲಿಲ್ಲ, ಇಲ್ಲ ಎಂಬ ಉತ್ತರವೂ ಬರಲಿಲ್ಲ. ನಿಮ್ಮಂಥ ಸಂಸ್ಥೆಗಳ ನಿಜವಾದ ಬಲ ನನಗೆ ಕಾಣುವುದು ಇಲ್ಲಿ. ಕಾಲ ನಿಮ್ಮ ಕಕ್ಷಿದಾರನಿಗೆ ಕೈಗೆಟುಕುವ ಖರ್ಚು. ಸುರಪುರದ ಒಂದು ಹಳ್ಳಿಯವನಿಗೆ ಒಂದು ತಾರೀಖು ಎಂದರೆ ಒಂದು ದಿನದ ಕೂಲಿ, ಬಸ್ ಚಾರ್ಜು, ವಕೀಲರ ಫೀ, ಜೊತೆಗೆ ಕಳೆ ತೆಗೆಯದೆ ಉಳಿದ ಸಾಲು. ಕಲಬುರಗಿಗೆ ಹೈಕೋರ್ಟಿನ ಸಂಚಾರಿ ಪೀಠ ಬಂದದ್ದೇ 2008ರಲ್ಲಿ. ಅದಕ್ಕೂ ಮೊದಲು ಮೇಲ್ಮನವಿ ಎಂದರೆ ಬೆಂಗಳೂರು. ಅಷ್ಟು ದೂರ ಹೋಗಲಾರದೆ ಎಷ್ಟೋ ಜನ ಇದ್ದಲ್ಲೇ ಸೋಲೊಪ್ಪಿಕೊಂಡರು.

2019ರ ಗುಜರಾತಿನ ಪ್ರಕರಣ ನಿಮಗೆ ನೆನಪಿರಬೇಕು. ತನ್ನ ತಳಿಯನ್ನು ಅನುಮತಿಯಿಲ್ಲದೆ ಬೆಳೆದರೆಂದು ಸಾಬರಕಾಂಠಾದ ಆಲೂಗಡ್ಡೆ ರೈತರ ಮೇಲೆ ಪೆಪ್ಸಿಕೋ ದಾವೆ ಹೂಡಿತು. ನಾಲ್ವರಿಂದ ತಲಾ ಒಂದು ಕೋಟಿ ರೂಪಾಯಿಗೂ ಹೆಚ್ಚು ಪರಿಹಾರ ಕೇಳಿತು. ಕೆಲವೇ ಎಕರೆಯ ಬೇಸಾಯಗಾರರ ಮೇಲೆ ಕೋಟಿಯ ದಾವೆ! 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮು, ಬ್ರ್ಯಾಂಡ್ ಹೆಸರಿನಲ್ಲಿ ಮಾರದಿದ್ದರೆ ಸಾಕು, ಬೆಳೆದದ್ದನ್ನು ಉಳಿಸಿಕೊಳ್ಳುವ, ಬಿತ್ತುವ, ಹಂಚಿಕೊಳ್ಳುವ, ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ದೇಶದೆಲ್ಲೆಡೆ ಆಕ್ರೋಶ ಎದ್ದ ಮೇಲೆ ಮೇ ತಿಂಗಳಲ್ಲಿ ಕಂಪನಿ ದಾವೆ ಹಿಂತೆಗೆದುಕೊಂಡಿತು. ಆ ಕೋಟಿಯ ಅಂಕಿಯನ್ನು ದಾವೆಯ ಕಾಗದದ ಮೇಲೆ ಬರೆದವರು ಕಾನೂನು ಓದಿದವರೇ. ಬರೆಯುವ ಹೊತ್ತಿಗೆ ‘ಇದು ಬೇಡ’ ಎಂದು ಕಕ್ಷಿದಾರನಿಗೆ ಹೇಳುವವರು ಒಬ್ಬರಾದರೂ ಬೇಕಿತ್ತು.

ಹೀಗೆ ಹೇಳುವುದು ನಿಮ್ಮ ವೃತ್ತಿಯದೇ ಕಟ್ಟಳೆ. ವಕೀಲ ತನ್ನನ್ನು ಕಕ್ಷಿದಾರನ ಬರೀ ಬಾಯಿ ಎಂದು ಭಾವಿಸಕೂಡದು, ಅನುಚಿತ ನಡೆಯಿಂದ ಅವನನ್ನು ತಡೆಯಬೇಕು, ಕೇಳದಿದ್ದರೆ ಅವನ ಪರ ನಿಲ್ಲಲು ನಿರಾಕರಿಸಬೇಕು ಎಂದು ಭಾರತೀಯ ವಕೀಲರ ಪರಿಷತ್ತಿನ ನಡತೆಯ ನಿಯಮಗಳಲ್ಲಿದೆ. ನಿಜವಾಗಿ ವಕೀಲನ ಅಗತ್ಯವಿರುವ ಬಡವನಿಗೆ ಉಚಿತವಾಗಿ ನೆರವಾಗುವುದು ಸಮಾಜಕ್ಕೆ ವಕೀಲ ಸಲ್ಲಿಸಬೇಕಾದ ದೊಡ್ಡ ಕರ್ತವ್ಯಗಳಲ್ಲಿ ಒಂದು ಎಂದು 46ನೇ ನಿಯಮ ಹೇಳುತ್ತದೆ. ಆ ನಿಯಮ ಕೋರ್ಟಿನ ಆವರಣದಲ್ಲಿ ಮರದ ಕೆಳಗೆ ಕೂರುವ ವಕೀಲರಿಗಷ್ಟೇ ಬರೆದದ್ದಲ್ಲ. ನಮ್ಮಲ್ಲಿ ಅದನ್ನು ಪಾಲಿಸುವವರು ಬಹುತೇಕ ಅವರೇ.

ಹಾಗಾಗಿ ನೇರವಾಗಿ ಕೇಳುತ್ತೇನೆ. ಸಾರ್ವಜನಿಕರ ದುಡ್ಡು ಸೇರಿದ ವ್ಯಾಜ್ಯಗಳಲ್ಲಿ ಗುಟ್ಟಿನ ರಾಜಿ ಬೇಡ ಎಂದು ಕಕ್ಷಿದಾರರಿಗೆ ಸಲಹೆ ಕೊಡಿ. ತನಿಖೆಯನ್ನು ತಡೆಯುವ ಬದಲು ಎದುರಿಸಿ ಎಂದೂ ಹೇಳಿ. ಇನ್ನು, ನಿಮ್ಮಲ್ಲಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರನ್ನು ವರ್ಷಕ್ಕೆ ಕೆಲವು ವಾರ ನಮ್ಮ ತಾಲೂಕುಗಳಿಗೆ ಕಳಿಸಿ. ಅವರು ಮಾಡಬೇಕಾದ ಕೆಲಸ ಇಲ್ಲಿ ಧಾರಾಳವಾಗಿದೆ. ಕಳಪೆ ಬೀಜ ಕೊಂಡ ರೈತ ಗ್ರಾಹಕರ ವೇದಿಕೆಗೆ ಹೋಗಬಹುದು ಎಂದು ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಪರೀಕ್ಷೆಗೆಂದು ರೈತ ಬೀಜ ಎತ್ತಿಡಬೇಕೆಂದು ನಿರೀಕ್ಷಿಸಲಾಗದು ಎಂದೂ ಹೇಳಿದೆ. ಇದು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ರಸೀದಿ ಇಟ್ಟುಕೊಳ್ಳದೆ, ಪಾಕೀಟು ಎಸೆದು, ಗುಲಾಬಿ ಕಾಯಿಕೊರಕ ಬಿದ್ದ ಮೇಲೆ ಅಂಗಡಿಯವನ ಜೊತೆ ಜಗಳಾಡಿ ಸುಮ್ಮನಾಗುತ್ತಾರೆ.

ಆ ಮಕ್ಕಳನ್ನು ಮೇ ತಿಂಗಳ ಕೊನೆಗೇ ಕಳಿಸಿ. ಮುಂಗಾರು ಬಿದ್ದು ಬೀಜ ನೆಲ ಸೇರುವ ಮೊದಲು ಲಾಟ್ ನಂಬರು ಬರೆದಿಡಲು, ಪಕ್ಕಾ ರಸೀದಿ ಕೇಳಿ ಪಡೆಯಲು ಅವರು ನಮ್ಮವರಿಗೆ ಹೇಳಿಕೊಡಲಿ. ಇರಲು ಮನೆ, ಉಣ್ಣಲು ರೊಟ್ಟಿ ನಮ್ಮ ಕಡೆಯಿಂದ.

ಇಂತಿ,
ಶಹಾಪುರ ತಾಲೂಕಿನ ಒಬ್ಬ ಹತ್ತಿ ಬೆಳೆಗಾರ