ಪತ್ತೆಯಿಲ್ಲದ ‘ಪತ್ತೆಯಾಗಿಲ್ಲ’ ವರದಿಗೆ ಒಂದು ಬಹಿರಂಗ ಪತ್ರ

ಮಹಾರಾಜರಾಜಶ್ರೀ ‘ಹೆತ್ತವರು ಪತ್ತೆಯಾಗಿಲ್ಲ’ ವರದಿಯವರ ಸನ್ನಿಧಾನಕ್ಕೆ. ಸದ್ಯ ವಾಸವಾಗಿರುವ ಠಾಣೆ, ಕಪಾಟು ಅಥವಾ ಮೇಜಿನ ಖಾನೆಗೆ ತಲುಪುವಂತೆ.

ಉಭಯ ಕುಶಲೋಪರಿಯೊಂದಿಗೆ ಪತ್ರವನ್ನು ಆರಂಭಿಸುವುದು ಸಂಪ್ರದಾಯವಾದರೂ, ವರದಿಯವರ ಕುಶಲವನ್ನು ಖಚಿತವಾಗಿ ಬಲ್ಲವರು ಯಾವ ಕಚೇರಿಯಲ್ಲೂ ಸಿಗದ ಕಾರಣ ಆ ವಿಧಿಯನ್ನು ಇಲ್ಲಿ ಕೈಬಿಡಲಾಗಿದೆ. ವರದಿಯವರನ್ನು ಅರಿಯದ ಓದುಗರಿಗಾಗಿ ಅವರ ಪರಿಚಯವನ್ನು ಹೇಳುವುದಾದರೆ, ಆಸ್ಪತ್ರೆಯ ಆವರಣದಲ್ಲೋ ಬಸ್ ನಿಲ್ದಾಣದಲ್ಲೋ ಬಿಟ್ಟುಹೋದ ಮಗುವೊಂದು ಸಿಕ್ಕಾಗ, 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಅದನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ, ಅಂದರೆ ಆರೈಕೆ ಮತ್ತು ರಕ್ಷಣೆ ಬೇಕಾದ ಮಕ್ಕಳ ಕುರಿತು ತೀರ್ಮಾನಿಸುವ ಜಿಲ್ಲಾ ಮಟ್ಟದ ಮಂಡಳಿಯ ಮುಂದೆ, ಹಾಜರುಪಡಿಸಲಾಗುತ್ತದೆ. ಪತ್ರಿಕೆಯಲ್ಲಿ ಅದರ ಭಾವಚಿತ್ರ ಪ್ರಕಟವಾಗುತ್ತದೆ, ಪೊಲೀಸರು ಹೆತ್ತವರನ್ನು ಹುಡುಕುತ್ತಾರೆ, ಯಾರೂ ಸಿಗದಿದ್ದರೆ ಹಾಗೆಂದು ಬರೆದುಕೊಡುತ್ತಾರೆ. ಆ ಕಾಗದವೇ ವರದಿಯವರು. ಅನಂತರ ಸಮಿತಿಯು ಮಗುವನ್ನು ‘ದತ್ತು ನೀಡಲು ಕಾನೂನುಬದ್ಧವಾಗಿ ಮುಕ್ತ’ ಎಂದು ಘೋಷಿಸಬೇಕು. ಎರಡು ವರ್ಷದೊಳಗಿನ ಮಗುವಿಗೆ 2 ತಿಂಗಳು, ಅದಕ್ಕಿಂತ ದೊಡ್ಡದಕ್ಕೆ 4 ತಿಂಗಳು ಎಂಬ ಗಡುವೂ ಕಾಯ್ದೆಯಲ್ಲಿದೆ. ಈ ಘೋಷಣೆಯಾಗುವವರೆಗೆ ದತ್ತು ಬಯಸುವವರ ಪಾಲಿಗೆ ಆ ಮಗು ಹುಟ್ಟಿಯೇ ಇಲ್ಲ.

ಹೆತ್ತವರು ಪತ್ತೆಯಾಗಿಲ್ಲ ಎಂಬ ವರದಿಯೇ ಪತ್ತೆಯಾಗಿಲ್ಲ ಎಂಬುದು ಈ ಪತ್ರದ ಏಕೈಕ ವಿಷಯ. ಠಾಣೆಯಲ್ಲಿ ವಿಚಾರಿಸಿದರೆ ‘ಆಗಲೇ ಕಳಿಸಿ ಆಯ್ತಲ್ಲ’ ಎನ್ನುತ್ತಾರೆ, ಸಮಿತಿಯಲ್ಲಿ ಟಪಾಲು ಪುಸ್ತಕ ತಿರುವಿ ‘ಬಂದಿಲ್ಲವಲ್ಲ’ ಎನ್ನುತ್ತಾರೆ, ತನಿಖಾಧಿಕಾರಿ ಬಂದೋಬಸ್ತ್‌ಗೆ ಹೋಗಿರುತ್ತಾರೆ. ಚುನಾವಣೆ, ಜಾತ್ರೆ, ಗಣೇಶನ ಮೆರವಣಿಗೆ, ಮಂತ್ರಿಗಳ ಪ್ರವಾಸ, ಹೀಗೆ ನಾಡಿನಲ್ಲಿ ಬಂದೋಬಸ್ತ್‌ಗೆ ಎಂದೂ ಕೊರತೆಯಿಲ್ಲ. ದತ್ತು ಸಂಸ್ಥೆಯ ಕಾರ್ಯಕರ್ತೆ ಎರಡು ಕಟ್ಟಡಗಳ ನಡುವೆ ನಡೆದು ಸಂಜೆ ಬರಿಗೈಯಲ್ಲಿ ಮರಳುತ್ತಾಳೆ.

ಇದರಲ್ಲಿ ಸೋಜಿಗವೆಂದರೆ, ವರದಿಯವರ ಈ ಸ್ವಭಾವವನ್ನು ನಿಯಮ ಬರೆದವರು ಮೊದಲೇ ಬಲ್ಲವರಾಗಿದ್ದರು. ನಿಗದಿತ ಅವಧಿಯಲ್ಲಿ ಪೊಲೀಸರು ವರದಿ ಕೊಡದಿದ್ದರೆ ಅದನ್ನು ಕೊಟ್ಟಂತೆಯೇ ಭಾವಿಸತಕ್ಕದ್ದು ಎಂದು ದತ್ತು ನಿಯಮಾವಳಿಯೇ ಹೇಳುತ್ತದೆ. ಗೈರುಹಾಜರಿಯಲ್ಲೂ ಹಾಜರಿ ಹಾಕಿಸಿಕೊಳ್ಳುವ ಇಂಥ ಸೌಭಾಗ್ಯ ಬೇರಾವ ಸರ್ಕಾರಿ ಕಾಗದಕ್ಕೂ ಸುಲಭವಾಗಿ ದಕ್ಕುವುದಿಲ್ಲ. ಆದರೂ ಮೇಜುಗಳು ಕಾಯುತ್ತವೆ. ನಾಳೆ ಯಾರೋ ಬಂದು ಮಗು ತಮ್ಮದೆಂದರೆ ರುಜು ಹಾಕಿದವರ ಗತಿಯೇನು ಎಂಬ ಅಂಜಿಕೆ ರುಜುವನ್ನು ತಡೆಯುತ್ತದೆ. ರುಜು ಹಾಕದೆ ಕಳೆದ ವರ್ಷಕ್ಕೆ ಯಾರನ್ನೂ ಯಾರೂ ಕೇಳುವುದಿಲ್ಲ. ಇದು ಎಚ್ಚರಿಕೆಯಲ್ಲ, ಹೊಣೆಗೇಡಿತನ. ಎಂಟು ತಿಂಗಳಲ್ಲಿ ಬಂದ ಮಗು ಈ ಅಂಜಿಕೆಯ ನೆರಳಲ್ಲೇ ಎರಡು ವರ್ಷ ದಾಟುತ್ತದೆ, ದತ್ತು ಬಯಸುವವರಲ್ಲಿ ಹೆಚ್ಚಿನವರು ಕೇಳುವುದು ಎರಡು ವರ್ಷದೊಳಗಿನ ಮಗುವನ್ನೇ, ಹೀಗಾಗಿ ಒಂದು ಕಾಗದದ ಸೋಮಾರಿತನವು ಒಂದು ಮಗುವನ್ನು ಬೇಡಿಕೆಯಿಲ್ಲದ ಪಟ್ಟಿಗೆ ತಳ್ಳುತ್ತದೆ.

2022ರ ಆಗಸ್ಟ್‌ನಲ್ಲಿ ಸಂಸದೀಯ ಸಮಿತಿಯೊಂದು ಮಂಡಿಸಿದ ವರದಿಯ ಪ್ರಕಾರ (ಅದೃಷ್ಟವಶಾತ್ ಆ ವರದಿ ಪತ್ತೆಯಾಗಿದೆ) 2021ರ ಡಿಸೆಂಬರ್‌ನಲ್ಲಿ 27,939 ಮಂದಿ ದತ್ತುವಿಗಾಗಿ ನೋಂದಾಯಿಸಿಕೊಂಡಿದ್ದರು. ದತ್ತು ನೀಡಬಹುದಾದ 6,996 ಮಕ್ಕಳು ಸಂಸ್ಥೆಗಳಲ್ಲಿದ್ದರೂ ಮುಕ್ತವೆಂದು ಘೋಷಿತರಾದವರು 2,430 ಮಾತ್ರ. ಉಳಿದ ನಾಲ್ಕೂವರೆ ಸಾವಿರದಷ್ಟೂ ವರದಿಯವರ ಸಾಧನೆಯೆನ್ನುವುದು ಅತಿಶಯೋಕ್ತಿಯಾದೀತು, ಅದರಲ್ಲಿ ಇತರ ಮೇಜುಗಳ ಪಾಲೂ ಇದೆ. ಸರ್ಕಾರವು ವಿಳಂಬ ತಪ್ಪಿಸಲು 2021ರ ತಿದ್ದುಪಡಿಯ ಮೂಲಕ ಅಂತಿಮ ದತ್ತು ಆದೇಶದ ಅಧಿಕಾರವನ್ನು ನ್ಯಾಯಾಲಯದಿಂದ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ವರ್ಗಾಯಿಸಿತು; ಹೊಸ್ತಿಲಲ್ಲೇ ತಡೆದು ನಿಲ್ಲಿಸಿದ ಅತಿಥಿಗಾಗಿ ಒಳಮನೆಯಲ್ಲಿ ಬೇಗಬೇಗ ಎಲೆ ಹಾಕಿದಂತಾಯಿತು.

ಕಾಲದ ಬೆಲೆ ವ್ಯವಸ್ಥೆಗೆ ತಿಳಿಯದೆಂದಲ್ಲ. ಎರಡು ವರ್ಷದೊಳಗಿನ ಮಗುವನ್ನು ಬಯಸುವ ದಂಪತಿಯ ವಯಸ್ಸುಗಳನ್ನು ಕೂಡಿಸಿ, ಮೊತ್ತ 85 ಮೀರಬಾರದೆಂದು ಅದು ಲೆಕ್ಕ ಹಾಕುತ್ತದೆ. ವರ್ಷಗಟ್ಟಲೆ ಕಾದವರಿಗೆ ಕೊನೆಗೊಮ್ಮೆ ಮಗುವಿನ ವಿವರ ಬಂದಾಗ 48 ಗಂಟೆಯೊಳಗೆ ಒಪ್ಪಿಗೆ ಸೂಚಿಸಿ ಮಗುವನ್ನು ಕಾಯ್ದಿರಿಸಬೇಕೆನ್ನುತ್ತದೆ. ಅವರು ಉತ್ತರಿಸದಿದ್ದರೆ ಉತ್ತರಿಸಿದಂತೆ ಭಾವಿಸುವ ಔದಾರ್ಯ ಅಲ್ಲಿಲ್ಲ. ಆ ಸವಲತ್ತು ಪತ್ತೆಯಿಲ್ಲದ ವರದಿಯವರಿಗಷ್ಟೇ ಮೀಸಲು.

ಪತ್ರ ಬರೆದು ಪ್ರಯೋಜನವೇನೆಂದು ಕೇಳುವವರು ಒಂದನ್ನು ಗಮನಿಸಬಹುದು. ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ವಿದೇಶಿ ದತ್ತುಗಳಲ್ಲಿನ ಅಕ್ರಮಗಳ ಕುರಿತು ಸುಪ್ರೀಂ ಕೋರ್ಟಿಗೆ ಬರೆದ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಲಾಯಿತು, 1984ರಲ್ಲಿ ತೀರ್ಪು ಬಂತು, ಇಂದು ದೇಶದ ದತ್ತು ವ್ಯವಹಾರವನ್ನು ನೋಡಿಕೊಳ್ಳುವ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರವು ಅದರ ಫಲವಾಗಿ 1990ರಲ್ಲಿ ಸ್ಥಾಪನೆಯಾಯಿತು. ಆ ಪತ್ರ ಯಾವುದೇ ಠಾಣೆಯ ಮೂಲಕ ಹೋಗಿರಲಿಲ್ಲ ಎಂಬುದೂ ಇಲ್ಲಿ ಸ್ಮರಣೀಯ.

ವರದಿಯವರು ಇದನ್ನು ಓದಿದ ಕೂಡಲೇ ಸಮಿತಿಯ ಮುಂದೆ ಹಾಜರಾಗಬೇಕೆಂದು ಕೋರಲಾಗಿದೆ. ಬಂದೋಬಸ್ತ್‌ನ ನಿಮಿತ್ತ ಅದು ಸಾಧ್ಯವಾಗದಿದ್ದರೆ, ಹಾಜರಾಗಿದ್ದಾರೆಂದೇ ಭಾವಿಸಿ ಸಮಿತಿಯವರು ರುಜು ಹಾಕಬೇಕೆಂದು ಅವರಿಗೆ ಪ್ರತಿಯನ್ನು ಕಳುಹಿಸಲಾಗಿದೆ. ಆ ಪ್ರತಿ ಟಪಾಲು ಪುಸ್ತಕದಲ್ಲಿ ಕಾಣದಿದ್ದರೆ, ಅದೂ ತಲುಪಿದೆ ಎಂದೇ ಭಾವಿಸತಕ್ಕದ್ದು.