ಪಿತ್ತದ ತಲೆಗೆ ಕಟ್ಟಿದ ತಲೆಸುತ್ತು

ನಮ್ಮ ಕಡೆ ಕಾಯಿಲೆಗಳು ನೂರಿದ್ದರೂ ಕಾರಣಗಳು ನಾಲ್ಕೈದೇ. ಎದೆ ಹಿಡಿದರೆ ಗ್ಯಾಸ್, ಬಾಯಿ ಹುಣ್ಣಾದರೆ ಉಷ್ಣ, ನೆಗಡಿಯಾದರೆ ನೀರು ಬದಲಾದದ್ದು, ಮಗು ರಚ್ಚೆ ಹಿಡಿದರೆ ದೃಷ್ಟಿ. ತಲೆ ಸುತ್ತಿದರೆ ಪಿತ್ತ. ಪಿತ್ತದ ಮದ್ದಿಗೆ ಬಗ್ಗದಿದ್ದರೆ ಬಿ.ಪಿ. ಈ ಪಟ್ಟಿಗೆ ಕಿವಿಯನ್ನು ಯಾರೂ ಸೇರಿಸಿದ್ದನ್ನು ನಾನು ಕಂಡಿಲ್ಲ. ಕಿವಿ ಇರುವುದು ಓಲೆಗೆ, ಪಕ್ಕದ ಮನೆಯ ಮಾತಿಗೆ ಮತ್ತು ಮೇಷ್ಟರ ಕೈಗೆ ಎಂದು ತೀರ್ಮಾನವಾಗಿ ಬಹುಕಾಲವಾಗಿದೆ.

ನಮ್ಮ ಸೋದರತ್ತೆ ಒಂದು ಬೆಳಗ್ಗೆ ಹಾಸಿಗೆಯಲ್ಲಿ ಬಲಮಗ್ಗುಲಿಗೆ ಹೊರಳಿದ್ದೇ ತಡ, ಜಂತೆ, ಫ್ಯಾನು, ಗೋಡೆಯ ವೆಂಕಟರಮಣ ಎಲ್ಲರೂ ಗಿರಗಿರನೆ ತಿರುಗಿದರು. ಫ್ಯಾನು ಆರಿಸಿತ್ತು ಎಂಬುದನ್ನು ಅತ್ತೆ ಒತ್ತಿ ಹೇಳುತ್ತಿದ್ದರು. ಅರ್ಧ ನಿಮಿಷಕ್ಕೆ ಲೋಕ ನಿಂತಿತು. ಮತ್ತೆ ಬಲಕ್ಕೆ ಹೊರಳಿದರೆ ಮತ್ತೆ ಶುರು. ಎಡಕ್ಕೆ ಏನೂ ಇಲ್ಲ. ಮಧ್ಯಾಹ್ನದೊಳಗೆ ಶುಂಠಿ-ನಿಂಬೆರಸ, ಜೀರಿಗೆ ಕಷಾಯ, ನೆತ್ತಿಗೆ ಹರಳೆಣ್ಣೆ ಎಲ್ಲ ಮುಗಿದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದೂ ಆಯಿತು. ಘಾಟಿಗೆ ಇಡೀ ಮನೆ ಕೆಮ್ಮಿದ್ದರಿಂದ ದೃಷ್ಟಿಯಲ್ಲ ಎಂಬುದಾದರೂ ಇತ್ಯರ್ಥವಾಯಿತು. ನಮ್ಮ ಮನೆಯೊಳಗೇ ಆಗುವ ಲ್ಯಾಬ್ ಟೆಸ್ಟ್ ಅದೊಂದೇ.

ಒಳಗಿವಿಯಲ್ಲಿ ಸಣ್ಣಸಣ್ಣ ಹರಳುಗಳಿರುತ್ತವೆ. ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟೇ ಅವುಗಳಲ್ಲೂ ಇರುವುದು. ವಯಸ್ಸಾದಂತೆ, ಇಲ್ಲವೇ ತಲೆಗೆ ಪೆಟ್ಟು ಬಿದ್ದಾಗ, ಕೆಲವು ಕಳಚಿಕೊಂಡು ಪಕ್ಕದ ಅರ್ಧವೃತ್ತ ನಾಳಕ್ಕೆ ನುಸುಳುತ್ತವೆ. ಹೊರಳಿದಾಗ ಅವು ಜಾರಿ ನಾಳದ ದ್ರವ ಕದಲುತ್ತದೆ. ತಲೆ ನಿಂತಿದ್ದರೂ 'ಇನ್ನೂ ತಿರುಗುತ್ತಿದೆ' ಎಂದು ಮಿದುಳಿಗೆ ಚಾಡಿ ಹೋಗುತ್ತದೆ. ಹರಳು ತಳ ಕಂಡ ಮೇಲೆ ಚಾಡಿಯೂ ನಿಲ್ಲುತ್ತದೆ. ಒಳಗಿವಿಯ ಕಾರುಬಾರು ಬಿಡಿಸಿದ್ದಕ್ಕೆ 1914ರ ನೊಬೆಲ್ ಪಡೆದ ರಾಬರ್ಟ್ ಬಾರಾನಿ, ಸುದ್ದಿ ಮುಟ್ಟಿದಾಗ ರಷ್ಯನ್ನರ ಯುದ್ಧಕೈದಿಯಾಗಿದ್ದರು. ಅವರಿಗಿದ್ದ ತಲೆಬಿಸಿಯ ಮುಂದೆ ನಮ್ಮ ತಲೆಸುತ್ತು ಯಾವ ಲೆಕ್ಕ!

ಎಲ್ಲ ತಲೆಸುತ್ತೂ ಹರಳಿನದ್ದಲ್ಲ ಎನ್ನಿ. ಥಟ್ಟನೆ ಎದ್ದಾಗ ಕಣ್ಣು ಕತ್ತಲೆ ಬಂದರೆ ರಕ್ತದೊತ್ತಡ ಇಳಿದಿರಬಹುದು, ಬಿ.ಪಿ. ಮಾತ್ರೆಯೋ, ನೀರು ಕುಡಿಯದ್ದೋ, ರಕ್ತಹೀನತೆಯೋ ಹಿಂದಿರಬಹುದು. ತಲೆ ಸುತ್ತುವುದರ ಜೊತೆ ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಒಂದು ಕಡೆಯ ಕೈಕಾಲು ಸೋತರೆ ಕಷಾಯ ಕಾಯಿಸುತ್ತ ಕೂರಬಾರದು. ಅದು ಪಾರ್ಶ್ವವಾಯು ಇರಬಹುದು, ನೇರ ಆಸ್ಪತ್ರೆಗೇ.

ವೈದ್ಯರು ಅತ್ತೆಗೆ ಕೇಳಿದ್ದು ಮೂರೇ: ಯಾವಾಗ, ಎಷ್ಟು ಹೊತ್ತು, ಯಾವ ಮಗ್ಗುಲು? ಅತ್ತೆ ಹಿಂದಿನ ವಾರದ ಮದುವೆಯೂಟದ ಬದನೆಕಾಯಿಯಿಂದ ಆರಂಭಿಸಿದರು. ವೈದ್ಯರು ಬದನೆಕಾಯಿಯನ್ನು ಗೌರವದಿಂದ ದಾಟಿ, ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ ಸರ್ರನೆ ಹಿಂದಕ್ಕೆ ಮಲಗಿಸಿದರು. ಎರಡು ಕ್ಷಣ ಏನೂ ಇಲ್ಲ. ಆಮೇಲೆ ಅತ್ತೆಯ ಕಣ್ಣುಗುಡ್ಡೆಗಳು ತಾವಾಗಿಯೇ ಪಟಪಟನೆ ಕುಣಿಯತೊಡಗಿದವು. 'ಸಿಕ್ಕಿತು' ಎಂದರು ವೈದ್ಯರು. ಹಾಗೇ ತಲೆಯನ್ನು ಎಡಕ್ಕೆ, ಮೈಯನ್ನು ಮಗ್ಗುಲಿಗೆ, ಕೊನೆಗೆ ಕೂರಿಸಿ ಹರಳುಗಳನ್ನು ಮನೆಗೆ ಕಳಿಸಿದರು. ಅಮೆರಿಕದ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ಉಪಾಯವಿದು. ಇಷ್ಟು ಸಲೀಸಾದದ್ದು ಚಿಕಿತ್ಸೆಯೇ ಎಂದು ಅವರ ಸಹೋದ್ಯೋಗಿಗಳೇ ಮೂಗು ಮುರಿದಿದ್ದರಂತೆ.

ಏನೂ ಮಾಡದಿದ್ದರೂ ಈ ತಲೆಸುತ್ತು ಎಷ್ಟೋ ಜನರಲ್ಲಿ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಆ ದಿನ ಏನು ಕುಡಿದಿರುತ್ತಾರೋ ಅದಕ್ಕೆ ಕೀರ್ತಿ. ಪಿತ್ತದ ಪ್ರತಾಪ ಬೆಳೆದದ್ದು ಬಹುಶಃ ಹೀಗೆಯೇ. ಅತ್ತೆಯಂತೂ ಈಗ ಬೀದಿಗೆಲ್ಲ ಹೇಳುತ್ತಾರೆ: 'ಡಾಕ್ಟರು ಕತ್ತು ತಿರುಗಿಸಿದ್ದು ಸರಿಯೇ. ಆದರೆ ಅಷ್ಟು ಹೊತ್ತಿಗೆ ಕಷಾಯ ಪಿತ್ತವನ್ನು ಇಳಿಸಿತ್ತು ನೋಡಿ, ಅದಕ್ಕೇ ಕತ್ತು ತಿರುಗಿತು.'